ಹನ್ನೊಂದು ತಿಂಗಳ ಮನೆ, ಹದಿನೈದು ವರ್ಷದ ಬೆಕ್ಕು

‘ಪರ್ಷಿಯನ್ ಮರಿ, ಒಂದೂವರೆ ತಿಂಗಳು, ಪಂಚ್ ಫೇಸ್, ಟ್ರಿಪಲ್ ಕೋಟ್, ನೀಲಿ ಕಣ್ಣು, ತುಂಬಾ ಸಾಧು. ಒಳ್ಳೆಯ ಮನೆ ಬೇಕು.’ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಕಡೆ ಇರುವ ನಮಗೆ ಇಂಥ ಜಾಹೀರಾತು ಹೊಸದಲ್ಲ. ಮದುವೆ ಸಂಬಂಧದ ವರ್ಣನೆಯಂತೆ ಇದರಲ್ಲೂ ಎಲ್ಲವೂ ಗುಣವೇ!

ಊರಲ್ಲಿ ನಾವು ಬೆಕ್ಕನ್ನು ಕೊಂಡವರಲ್ಲ. ಪಕ್ಕದ ಮನೆ ಬೆಕ್ಕು ಮರಿ ಹಾಕಿದರೆ ಒಂದನ್ನು ತಂದು ಸಾಕುತ್ತಿದ್ದೆವು. ತಾಯಿ ಎಂಥದ್ದು ಎಂದು ಕಣ್ಣಾರೆ ಗೊತ್ತಿರುತ್ತಿತ್ತು. ಇಲ್ಲಿ ಗೊತ್ತಿರುವುದು ಫೋಟೊ ಮಾತ್ರ. ಸಾಫ್ಟ್‌ವೇರ್‌ನಲ್ಲಿ ಸ್ಕ್ರೀನ್ ಚೆನ್ನಾಗಿದೆ ಎಂದು ಒಳಗಿನ ಕೋಡ್ ನೋಡದೆ ಒಪ್ಪುವುದಿಲ್ಲ. ಜೀವದ ವಿಷಯದಲ್ಲಿ ಯಾಕೆ ಒಪ್ಪಬೇಕು?

ಪಂಚ್ ಫೇಸ್ ಎಂದರೆ ಗುದ್ದಿದಂತೆ ಚಪ್ಪಟೆಯಾದ ಮುಖ. ಮೂಗು ಒಳಗೆ ಹೋದಷ್ಟೂ ಉಸಿರಾಟ ಕಷ್ಟ, ಕಣ್ಣೀರು ಮೂಗಿನೊಳಗೆ ಇಳಿಯದೆ ಕೆನ್ನೆ ಮೇಲೆ ಸುರಿಯುತ್ತದೆ. ದಿನಾ ಒರೆಸಬೇಕು. ‘ಟ್ರಿಪಲ್ ಕೋಟ್’ ಬರೀ ವ್ಯಾಪಾರದ ಮಾತು. ಪರ್ಷಿಯನ್‌ಗೆ ಇರುವುದು ಎರಡು ಪದರದ ಕೂದಲು. ಅದನ್ನೂ ದಿನಾ ಬಾಚದಿದ್ದರೆ ಗಂಟುಗಟ್ಟುತ್ತದೆ. ನಮ್ಮ ನಾಲ್ಕು ತಿಂಗಳ ಮಳೆ, ತೇವದಲ್ಲಿ ಚರ್ಮದ ಶಿಲೀಂಧ್ರ ರೋಗ ಬಂದರೆ ಅದು ಮನುಷ್ಯರಿಗೂ ಅಂಟುತ್ತದೆ. ಇನ್ನು ಪೂರ್ತಿ ಬಿಳಿ ಮೈ, ಎರಡೂ ಕಣ್ಣು ನೀಲಿ ಇರುವ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಿವುಡು. ಹಿಂದೆ ಚಪ್ಪಾಳೆ ತಟ್ಟಿ ನೋಡಿ. ಈ ತಳಿಯಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ವಂಶವಾಹಿ ರೋಗವೂ ಇದೆ. ಅದಕ್ಕೆ ಡಿಎನ್‌ಎ ಪರೀಕ್ಷೆ ಇದೆ. ಮರಿಯ ತಂದೆತಾಯಿಗೆ ಅದು ಆಗಿದೆಯೇ ಎಂದು ಕೇಳಿ. ವಂಶಾವಳಿಯ ದಾಖಲೆಯೇ ಇಲ್ಲದಿದ್ದರೆ ‘ಶುದ್ಧ ತಳಿ’ ಎಂಬುದು ಮಾರುವವರ ಬಾಯಿಮಾತು ಅಷ್ಟೇ.

‘ಸಾಧು’ ಎಂಬ ಪದಕ್ಕೆ ನನ್ನ ಮುಖ್ಯ ತಕರಾರು. ಪರ್ಷಿಯನ್ ಸಾಮಾನ್ಯವಾಗಿ ಶಾಂತ ತಳಿ, ಹಾರಾಟ ಕಡಿಮೆ. ಆದರೆ ಒಂದೊಂದು ಮರಿಯ ಸ್ವಭಾವ ರೂಪುಗೊಳ್ಳುವಲ್ಲಿ 2ರಿಂದ 7ನೇ ವಾರದವರೆಗಿನ ದಿನಗಳ ಪಾತ್ರ ದೊಡ್ಡದು. ಆಗ ಮನುಷ್ಯರ ಕೈ, ದನಿ, ಮನೆಯ ಸದ್ದು ಪರಿಚಯವಾದ ಮರಿ ಧೈರ್ಯವಾಗಿ ಬೆಳೆಯುತ್ತದೆ. ಸುಮಾರು 12 ವಾರ ತಾಯಿ ಜೊತೆ ಇದ್ದರೆ ಕಚ್ಚುವುದಕ್ಕೂ ಪರಚುವುದಕ್ಕೂ ಮಿತಿ ಕಲಿಯುತ್ತದೆ. ಒಂದೂವರೆ ತಿಂಗಳಿಗೇ ತಾಯಿಂದ ಕಿತ್ತು ಪಂಜರದಲ್ಲಿ ಕೂರಿಸಿದ ಮರಿ ಸುಮ್ಮನಿದ್ದರೆ ಅದು ಸಾಧುವೋ, ಹೆದರಿದೆಯೋ, ಜ್ವರ ಬಂದಿದೆಯೋ? ಆರೋಗ್ಯವಂತ ಮರಿ ದಾರದ ಹಿಂದೆ ಓಡಬೇಕು, ಬಟ್ಟಲ ಸದ್ದಿಗೆ ಬರಬೇಕು. ಆದ್ದರಿಂದ ಮರಿ ಇರುವ ಮನೆಗೇ ಹೋಗಿ, ತಾಯಿಯನ್ನು ನೋಡಿ, ಲಸಿಕೆ ಪುಸ್ತಕ ಕೇಳಿ.

ನಾವು ನಮ್ಮನ್ನೂ ಕೇಳಿಕೊಳ್ಳಬೇಕಾದ್ದಿದೆ. ನಮ್ಮಲ್ಲಿ ಹೆಚ್ಚಿನವರು 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನ ಮೇಲೆ ಇರುವವರು. ಬೆಕ್ಕಿನ ಆಯಸ್ಸು 12ರಿಂದ 15 ವರ್ಷ. ಓನರ್ ಒಪ್ಪಿದ್ದಾರೆಯೇ? ಆನ್‌ಸೈಟ್ ಬಂದರೆ, ಬೆಂಗಳೂರಿಗೆ ವರ್ಗವಾದರೆ ಅದೂ ಬರುತ್ತದೆಯೇ? ದೀಪಾವಳಿಗೆ ಊರಿಗೆ ಹೋದಾಗ ಅನ್ನ ಹಾಕುವವರು ಯಾರು? ಹದಿನಾಲ್ಕನೇ ಮಹಡಿಯ ಕಿಟಕಿಗೆ ಜಾಲರಿ ಹಾಕಿಸಿದ್ದೀರಾ? ಬೆಳಿಗ್ಗೆ ಲೋಕಲ್ ಹಿಡಿದು ರಾತ್ರಿ ಬರುವವರಿಗೆ ಬಾಚಲು ಹತ್ತು ನಿಮಿಷ ಉಳಿಯುತ್ತದೆಯೇ?

ಇವಕ್ಕೆ ಉತ್ತರ ಇದ್ದವರಿಗೂ ನಾನು ಹೇಳುವುದು ಒಂದೇ: ಮರಿಗಿಂತ ಬೆಳೆದ ಬೆಕ್ಕನ್ನು ನೋಡಿ. ಮನೆ ಬದಲಾಯಿತು, ಮಗು ಹುಟ್ಟಿತು ಎಂದು ಬಿಟ್ಟುಕೊಡುವ ಎರಡು ಮೂರು ವರ್ಷದ ಪರ್ಷಿಯನ್‌ಗಳೂ ಮನೆ ಹುಡುಕುತ್ತಿರುತ್ತವೆ. ಅವುಗಳ ಸ್ವಭಾವ ಆಗಲೇ ಗೊತ್ತಾಗಿರುತ್ತದೆ, ಊಹಿಸಬೇಕಿಲ್ಲ. ತಳಿಯ ಹಂಬಲವೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು; ಪಾರ್ಕಿಂಗ್‌ನಲ್ಲಿ ಹುಟ್ಟಿದ ನಾಡು ಮರಿಯ ಮೂಗು ನೆಟ್ಟಗಿದೆ, ಈ ಮಳೆಯೂ ಅದಕ್ಕೆ ಹೊಸದಲ್ಲ.