ಡಿಕ್ಕಿಯಲ್ಲಿ ಐದನೇ ಚಕ್ರ ಇದೆಯೇ?

ಸಕಲೇಶಪುರ ದಾಟಿ, ದೋಣಿಗಲ್ ಬಿಟ್ಟು, ಮಾರನಹಳ್ಳಿಯಿಂದ ಕೆಳಗಿಳಿದ ಮೇಲೆ ಶಿರಾಡಿ ಘಾಟಿಯ ದಾರಿ ಹೇಗಿದೆ ಎಂಬುದನ್ನು ಮಂಗಳೂರು ಬಸ್ಸಿನಲ್ಲಿ ಓಡಾಡುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಮರಿ, ನಡುವೆ ಲಾರಿ, ಟ್ಯಾಂಕರುಗಳ ಸಾಲು. ಇಂಥ ಕಡೆ ಒಂದು ಕಾರಿನ ಟೈರು ಠುಸ್ಸೆಂದರೆ ಕೆಡುವುದು ಆ ಕಾರಿನವರ ಪ್ರಯಾಣ ಒಂದೇ ಅಲ್ಲ. ಹಿಂದಿನ ಬಸ್ಸಿನಲ್ಲಿ ಆಸ್ಪತ್ರೆಗೆ ಹೊರಟವರು, ಕೋರ್ಟಿಗೆ ಹೊರಟವರು, ಮದುವೆಗೆ ಹೊರಟವರು ಎಲ್ಲರೂ ಕೂತಲ್ಲೇ ಕೂರಬೇಕು. ಆದ್ದರಿಂದ ಕಾರಿನ ಡಿಕ್ಕಿಯಲ್ಲಿ ಏನಿದೆ, ಏನಿಲ್ಲ ಎಂಬುದು ಕಾರು ಇಲ್ಲದವರಿಗೂ ಸಂಬಂಧಿಸಿದ ವಿಷಯವೇ.

ಡಿಕ್ಕಿಯಲ್ಲಿ ಸ್ಟೆಪ್ನಿ ಇದ್ದರೆ ಅರ್ಧ ಗಂಟೆಯ ಕೆಲಸ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿ ಹಚ್ಚಿ, ನಾಲ್ಕೈದು ನಟ್ಟು ಬಿಚ್ಚಿ ಹಾಕಿದರೆ ಗಾಡಿ ಹೊರಟಿತು. ಇಲ್ಲದಿದ್ದರೆ ಗಾಡಿ ಎಳೆಯುವವರು ಬರುವ ತನಕ ದಾರಿ ಕಾಯಬೇಕು. ಫೋನಿಗೆ ಸಿಗ್ನಲ್ ಸಿಗದ ತಿರುವಾದರೆ ಆ ಕರೆಯೂ ಹೋಗುವುದಿಲ್ಲ. ಆಲೂರು, ಸಕಲೇಶಪುರ, ಬೇಲೂರು ಕಡೆಯ ಕಾಫಿ ತೋಟದ ರಸ್ತೆಯಲ್ಲಿ ರಾತ್ರಿ ಹೊತ್ತು ಹೀಗಾದರೆ ಇನ್ನೊಂದು ಭಯ, ಕಾಡಾನೆಯದು. ಹೆಂಗಸರು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಕತ್ತಲಲ್ಲಿ ಕಾಯುವುದು ಏನೆಂಬುದು ಆ ಭಾಗದವರಿಗೆ ಗೊತ್ತು.

ವಿಷಯ ಹೀಗಿರುವಾಗ ಹೊಸ ಕಾರುಗಳಿಂದ ಐದನೇ ಚಕ್ರ ಸದ್ದಿಲ್ಲದೆ ಮಾಯವಾಗುತ್ತಿದೆ. ಮಾಯವಾಗದ ಕಡೆ ಸಣ್ಣದಾಗುತ್ತಿದೆ. ಲಕ್ಷಗಟ್ಟಲೆ ಎಣಿಸಿಕೊಟ್ಟವರಿಗೆ ಇದು ತಿಳಿಯುವುದು ಮೊದಲ ಪಂಕ್ಚರ್ ಆದ ದಿನ.

ಇದಕ್ಕೆ ಕಾನೂನಿನ ಒಪ್ಪಿಗೆಯೂ ಇದೆ. 2020ರ ಜುಲೈನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. 3.5 ಟನ್ ಮೀರದ ಕಾರು ಜಾತಿಯ ವಾಹನಕ್ಕೆ ಟ್ಯೂಬ್‌ಲೆಸ್ ಟೈರು, ಪಂಕ್ಚರ್ ರಿಪೇರಿ ಕಿಟ್ಟು, ಗಾಳಿ ಇಳಿದರೆ ಎಚ್ಚರಿಸುವ ಸಾಧನ, ಈ ಮೂರೂ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಿತು. ಕೊಡಬಾರದು ಅಂತ ಏನೂ ಹೇಳಿಲ್ಲ. ಕೊಡದಿದ್ದರೂ ನಡೆಯುತ್ತದೆ ಎಂದಿತು, ಅಷ್ಟೇ. ಅಷ್ಟು ಸಾಲದೇ ಕಂಪನಿಗಳಿಗೆ? ಒಂದು ಚಕ್ರದ ಖರ್ಚು ಉಳಿಯಿತು, ಹದಿನೈದು ಕಿಲೋ ಆಸುಪಾಸಿನ ಭಾರ ಇಳಿಯಿತು, ಡಿಕ್ಕಿ ದೊಡ್ಡದು ಅಂತ ಜಾಹೀರಾತು ಕೊಡಲೂ ಆಯಿತು. ಬ್ಯಾಟರಿ ಕಾರಿನಲ್ಲಿ ಬ್ಯಾಟರಿಗೆ, ಗ್ಯಾಸ್ ಕಾರಿನಲ್ಲಿ ಸಿಲಿಂಡರಿಗೆ ಜಾಗ ಬೇಕು ಎಂಬ ಕಾರಣವೂ ಸಿಕ್ಕಿತು. ಈ ಕಾರಣಗಳಲ್ಲಿ ನಿಜ ಇಲ್ಲವೆಂದಲ್ಲ. ಆದರೆ ಉಳಿದ ಚಕ್ರದ ದುಡ್ಡು ಬಿಲ್ಲಿನಲ್ಲಿ ಇಳಿದದ್ದನ್ನು ಕಂಡ ಗ್ರಾಹಕರೆಷ್ಟು ಮಂದಿ?

ಸ್ಟೆಪ್ನಿ ಎಂಬ ಹೆಸರಿಗೇ ಒಂದು ಕಥೆಯಿದೆ. ಮೊದಮೊದಲ ಕಾರುಗಳಿಗೆ ಐದನೇ ಚಕ್ರವೇ ಇರಲಿಲ್ಲ. ಲಾಳದ ಮೊಳೆ ಚುಚ್ಚಿದರೆ ಬೀದಿಯಲ್ಲೇ ಕೂತು ತೇಪೆ ಹಾಕಬೇಕಿತ್ತು. ಬ್ರಿಟನ್ನಿನ ವೇಲ್ಸ್ ಸೀಮೆಯ ಲನೆಲ್ಲಿ ಎಂಬ ಊರಿನಲ್ಲಿ ಥಾಮಸ್ ಮಾರಿಸ್ ಡೇವಿಸ್ ಎಂಬಾತ 1904ರಲ್ಲಿ ಇದಕ್ಕೊಂದು ಉಪಾಯ ಹುಡುಕಿದ. ಗಾಳಿ ತುಂಬಿದ ಟೈರನ್ನು ಕಡ್ಡಿಗಳಿಲ್ಲದ ಒಂದು ಬಳೆಗೆ ಕೂರಿಸಿ, ಅದನ್ನು ಪಂಕ್ಚರ್ ಆದ ಚಕ್ರದ ಪಕ್ಕಕ್ಕೇ ಬಿಗಿಯುವ ಉಪಾಯ. ಅವನ ಕಾರ್ಖಾನೆ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಬೀದಿಯ ಹೆಸರು ಚಕ್ರಕ್ಕೆ ಅಂಟಿತು, ಚಕ್ರದ ಜೊತೆ ಸಮುದ್ರ ದಾಟಿ ನಮ್ಮ ಗ್ಯಾರೇಜಿಗೂ ಬಂತು. ನೂರು ವರ್ಷಕ್ಕೂ ಹಿಂದೆ ದಾರಿಹೋಕರ ಕಷ್ಟ ಕಂಡು ಕೊಟ್ಟ ಚಕ್ರವನ್ನು ಈಗ ಲೆಕ್ಕದ ಪುಸ್ತಕ ನೋಡಿ ಕಿತ್ತುಕೊಳ್ಳುತ್ತಿದ್ದಾರೆ.

‘ಚಕ್ರ ಇಲ್ಲದಿದ್ದರೇನು ಸಾರ್, ಕಿಟ್ ಇದೆಯಲ್ಲ’ ಎನ್ನುವುದು ಷೋರೂಮಿನ ಹುಡುಗರ ಉತ್ತರ. ಕಿಟ್ಟೆಂದರೆ ಒಂದು ಬಾಟಲಿ ಅಂಟು, ಕಾರಿನ ಕರೆಂಟಿನಲ್ಲಿ ಓಡುವ ಒಂದು ಪುಟ್ಟ ಗಾಳಿ ಪಂಪು. ರಸ್ತೆಗೆ ತಾಗುವ ಭಾಗದಲ್ಲಿ ಸಣ್ಣ ಮೊಳೆ ಚುಚ್ಚಿದ್ದರೆ ಅಂಟು ತೂತು ಮುಚ್ಚುತ್ತದೆ, ಪಂಕ್ಚರ್ ಅಂಗಡಿ ತನಕ ತಲುಪಿಸುತ್ತದೆ. ಅದು ಒಳ್ಳೆಯದೇ. ಆದರೆ ನಮ್ಮ ರಸ್ತೆಯಲ್ಲಿ ಟೈರಿಗೆ ಮೊಳೆ ಒಂದೇ ಶತ್ರುವೇ? ಮಳೆಗಾಲದಲ್ಲಿ ನೀರು ತುಂಬಿದ ಹೊಂಡ ಕಾಣುವುದಿಲ್ಲ. ಟಾರು ಕಿತ್ತುಹೋದ ಅಂಚಿಗೆ ಚಕ್ರ ಬಡಿದರೆ ಟೈರಿನ ಪಕ್ಕವೇ ಸೀಳುತ್ತದೆ, ರಿಮ್ಮು ಬಾಗುತ್ತದೆ. ಅಲ್ಲಿ ಯಾವ ಅಂಟೂ ನಿಲ್ಲುವುದಿಲ್ಲ. ಮೊಳೆ ಮಾತ್ರ ಚುಚ್ಚುವ ನುಣುಪು ರಸ್ತೆಗೆ ಮಾಡಿದ ಮದ್ದನ್ನು ಹೊಂಡದ ರಸ್ತೆಯವರಿಗೆ ಕೊಟ್ಟರೆ ರೋಗ ವಾಸಿಯಾಗುವುದಾದರೂ ಹೇಗೆ? ಬಾಟಲಿಗೂ ಒಂದು ಅವಧಿ ಇದೆ. ಡಿಕ್ಕಿಯ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದ ಬಾಟಲಿಯ ಮೇಲಿನ ತಾರೀಖು ಓದುವವರು ಯಾರು?

ಇನ್ನು ಸಣ್ಣ ಸ್ಟೆಪ್ನಿಯ ಪಾಡು. ಓಡುವ ನಾಲ್ಕು ಚಕ್ರ ಅಗಲ, ಡಿಕ್ಕಿಯಲ್ಲಿರುವುದು ಒಂದು ತೆಳು ಚಕ್ರ. 80 ಕಿಲೋಮೀಟರ್ ವೇಗ ಮೀರಬಾರದು ಅಂತ ಅದರ ಮೇಲೇ ಬರೆದಿರುತ್ತದೆ. ಅದು ಅಂಗಡಿ ತನಕ ಹೋಗಲು ಮಾಡಿದ್ದೇ ಹೊರತು ಹಾಸನದಿಂದ ಮಂಗಳೂರಿಗೆ ಇಳಿಯಲು ಅಲ್ಲ. ಒಂದು ಕಡೆ ತೆಳು ಚಕ್ರ, ಇನ್ನೊಂದು ಕಡೆ ಅಗಲ ಚಕ್ರ ಇರುವ ಗಾಡಿ ತಿರುವಿನಲ್ಲಿ, ಬ್ರೇಕು ಒತ್ತಿದಾಗ ಮೊದಲಿನ ಹಾಗೆ ಹಿಡಿತಕ್ಕೆ ಬರುವುದಿಲ್ಲ.

ಇದಕ್ಕಿಂತ ದೊಡ್ಡ ತಮಾಷೆ ಎಂದರೆ ಬಿಚ್ಚಿದ ಚಕ್ರದ್ದು. ಸಣ್ಣ ಸ್ಟೆಪ್ನಿಯ ಗುಂಡಿಯಲ್ಲಿ ಅನೇಕ ಕಾರುಗಳಲ್ಲಿ ದೊಡ್ಡ ಚಕ್ರ ಕೂರುವುದಿಲ್ಲ. ಡಿಕ್ಕಿ ತುಂಬ ಧರ್ಮಸ್ಥಳಕ್ಕೆ ಹೊರಟವರ ಬ್ಯಾಗು. ಕೆಸರು ಮೆತ್ತಿದ ಚಕ್ರ ಕೊನೆಗೆ ಹಿಂದಿನ ಸೀಟಿಗೆ, ಅಜ್ಜಿಯ ಕಾಲ ಬಳಿಗೆ! ನೋಡಿದವರಿಗೆ ನಗು. ಆದರೆ ಗಾಡಿ ಗಕ್ಕನೆ ನಿಂತರೆ ಕಟ್ಟದೆ ಇಟ್ಟ ಹದಿನೈದು ಕಿಲೋ ಕಬ್ಬಿಣ ರಬ್ಬರು ಮುಂದಿನವರ ಬೆನ್ನಿಗೇ ಬರುತ್ತದೆ. ಬ್ಯಾಗು ಸೀಟಿಗೆ ಬರಲಿ, ಚಕ್ರ ಡಿಕ್ಕಿಗೆ ಹೋಗಲಿ, ಅದನ್ನು ಹಗ್ಗದಲ್ಲಿ ಬಿಗಿಯಲಿ. ಇದಿಷ್ಟೂ ದೊಡ್ಡ ವಿದ್ಯೆಯೇನಲ್ಲ.

ಹಾಗಂತ ತಪ್ಪೆಲ್ಲ ಕಂಪನಿಯದೇ ಅಂತ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಪೂರಾ ಅಳತೆಯ ಸ್ಟೆಪ್ನಿ ಇದ್ದವರ ಸಂಸಾರವೂ ನೋಡುವಂಥದ್ದೇ. ಪಂಕ್ಚರ್ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಗೊತ್ತಾಗುತ್ತದೆ.

‘ಅಣ್ಣ, ಸ್ಟೆಪ್ನಿ ಇದೆ, ಅದನ್ನೇ ಹಾಕ್ಬಿಡಿ’ ಎನ್ನುತ್ತಾರೆ ಕಾರಿನವರು.

‘ಇದೆ ಸಾರ್, ಗಾಳಿ ಎಲ್ಲಿದೆ? ಹೋದ್ಸಲದ ಪಂಕ್ಚರ್ರೇ ಇನ್ನೂ ಹಾಕ್ಸಿಲ್ವಲ್ಲ!’

ಅಲ್ಲಿಗೆ ಮಾತು ಮುಗಿಯಿತು. ಪಂಕ್ಚರ್ ಆದ ದಿನ ಸ್ಟೆಪ್ನಿ ಹಾಕಿಕೊಂಡು ಮನೆ ಸೇರುತ್ತಾರೆ. ಕೆಟ್ಟ ಚಕ್ರ ಡಿಕ್ಕಿ ಸೇರುತ್ತದೆ. ನಾಳೆ ಮಾಡಿಸಿದರಾಯಿತು ಎನ್ನುವ ನಾಳೆ ಆರು ತಿಂಗಳಾದರೂ ಬರುವುದಿಲ್ಲ. ಅಂಥ ಕಾರಿಗೆ ಸ್ಟೆಪ್ನಿ ಇದೆ ಎನ್ನುವುದು ದಾಖಲೆಗೆ ಮಾತ್ರ. ಸ್ಟೆಪ್ನಿ ಹಾಕಿದ ಕೂಡಲೇ ಆ ಗಾಡಿಗೆ ಸ್ಟೆಪ್ನಿ ಇಲ್ಲ ಎಂದೇ ಲೆಕ್ಕ. ಬಿಚ್ಚಿದ ಚಕ್ರ ರಿಪೇರಿಯಾಗಿ ಮತ್ತೆ ಡಿಕ್ಕಿ ಸೇರಿದಾಗಲೇ ಕೆಲಸ ಮುಗಿದದ್ದು. ಘಾಟಿ ಇಳಿಯುವವರು ಸಕಲೇಶಪುರದಲ್ಲೇ, ಘಾಟಿ ಹತ್ತುವವರು ಉಪ್ಪಿನಂಗಡಿಯಲ್ಲೇ ಆ ಕೆಲಸ ಮುಗಿಸಿಕೊಂಡು ಮುಂದಕ್ಕೆ ಹೋಗುವುದು ಜಾಣತನ. ಹೊಸದಾಗಿ ಹಾಕಿದ ಚಕ್ರದ ನಟ್ಟನ್ನು ಐವತ್ತು ಅರವತ್ತು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಬಿಗಿ ನೋಡಿಕೊಳ್ಳಬೇಕು ಎನ್ನುವುದನ್ನೂ ಮರೆಯಬಾರದು.

ಅಂಗಡಿಗೆ ಸಾಮಾನು ತರುವ ಚಿಕ್ಕ ಗೂಡ್ಸ್ ಗಾಡಿಗಳದ್ದು ಬೇರೆಯೇ ಲೆಕ್ಕ. ಅಲ್ಲಿ ಸ್ಟೆಪ್ನಿ ಇದೆ, ಗ್ರಿಪ್ ಇಲ್ಲ. ಓಡಿ ಓಡಿ ಬೋಳಾದ ಟೈರಿಗೆ ಕೊನೆಯ ಜಾಗ ಸ್ಟೆಪ್ನಿಯದು! ಗ್ರಿಪ್ಪಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದ ಟೈರಿನಲ್ಲಿ ಗಾಡಿ ಓಡಿಸುವಂತಿಲ್ಲ ಎನ್ನುತ್ತದೆ ನಿಯಮ. ಸ್ಟೆಪ್ನಿಯೂ ನಾಳೆ ಓಡುವ ಟೈರೇ. ಓಡದೆ ಕೂತ ಟೈರಿಗೂ ವಯಸ್ಸಾಗುತ್ತದೆ, ರಬ್ಬರು ಬಿರುಕು ಬಿಡುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು ಎಂದರ್ಥ. ಹಾಲಿನ ಪ್ಯಾಕೆಟ್ಟಿನ ತಾರೀಖು ನೋಡಿ ಕೊಳ್ಳುವ ಅಂಗಡಿಯವರಿಗೆ ಇದನ್ನು ಓದುವುದು ಕಷ್ಟವೇ? ಮಾಲು ಹೊತ್ತ ಗಾಡಿ ರಾತ್ರಿ ದಾರಿಯಲ್ಲಿ ನಿಂತರೆ ಬೆಳಿಗ್ಗೆ ಅಂಗಡಿಯಲ್ಲಿ ತರಕಾರಿ ಇಲ್ಲ. ಹೊಸ ಟೈರಿನ ದುಡ್ಡಿಗೂ ಆ ನಷ್ಟಕ್ಕೂ ತಾಳೆ ನೋಡಿಕೊಳ್ಳಲಿ.

ಹಾಗಾದರೆ ಆಗಬೇಕಾದದ್ದೇನು? ಕಾರು ಕೊಳ್ಳುವವರು ಬಣ್ಣ, ಟಿ.ವಿ. ಪರದೆ ನೋಡುವ ಮೊದಲು ಡಿಕ್ಕಿಯ ಹಾಸು ಎತ್ತಿ ನೋಡಲಿ. ಐದನೇ ಚಕ್ರ ಇದೆಯೇ, ಉಳಿದ ನಾಲ್ಕರ ಅಳತೆಯದೇ, ಜಾಕಿ, ಸ್ಪ್ಯಾನರು ಕೊಡುತ್ತಾರೆಯೇ ಎಂದು ದುಡ್ಡು ಕಟ್ಟುವ ಮುಂಚೆ ಕೇಳಲಿ. ಕೊಡದಿದ್ದರೆ ಬೆಲೆಯಲ್ಲಿ ಕಳೆಯಿರಿ ಎನ್ನಲಿ. ಮಾರುವವರು ಸ್ಟೆಪ್ನಿ ಇಲ್ಲ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಹಾಕಲಿ. ಡಿಕ್ಕಿಯ ಅಗಲವನ್ನು ಅಷ್ಟು ದೊಡ್ಡದಾಗಿ ಹಾಕುವವರಿಗೆ ಇದೇನು ಭಾರವಲ್ಲ. ಈಗಾಗಲೇ ಕೊಂಡವರು ಗುಂಡಿಯ ಆಳ ಅಳೆದು, ಹಿಡಿಯುವುದಾದರೆ ಪೂರಾ ಅಳತೆಯ ಒಂದು ಚಕ್ರ ಮಾಡಿಸಿ ಬಿಗಿದು ಇಟ್ಟುಕೊಳ್ಳುವುದು ಲೇಸು. ತಿಂಗಳಿಗೊಮ್ಮೆ ಗಾಳಿ ಹಿಡಿಸುವಾಗ ‘ಐದಕ್ಕೂ ನೋಡಪ್ಪ’ ಎಂದರೆ ಸಾಕು, ಯಾರೂ ಬೇಡವೆನ್ನುವುದಿಲ್ಲ.

ಕೈಕೊಟ್ಟಾಗ ಗಾಡಿಯನ್ನು ತಿರುವಿನಲ್ಲಿ ಬಿಡದೆ, ರಿಮ್ಮು ಹಾಳಾದರೂ ಚಿಂತೆಯಿಲ್ಲ ಅಂತ ನೇರ ರಸ್ತೆಯ ಬದಿಗೆ ಮೆಲ್ಲಗೆ ಸರಿಸಬೇಕು. ಹಿಂದೆ ಸಾಕಷ್ಟು ದೂರದಲ್ಲಿ ಕೆಂಪು ತ್ರಿಕೋನ ಇಟ್ಟು, ಮಕ್ಕಳನ್ನು ರಸ್ತೆಯಿಂದ ಆಚೆ ನಿಲ್ಲಿಸಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನು ಮಾಡಬಹುದು.

ಸರ್ಕಾರಕ್ಕೂ ಒಂದು ಮಾತು. ಸ್ಟೆಪ್ನಿ ಬೇಡ ಎನ್ನುವ ನಿಯಮ ತರುವುದು ಸುಲಭ, ಸ್ಟೆಪ್ನಿ ಬೇಡದಂಥ ರಸ್ತೆ ಮಾಡುವುದು ಕಷ್ಟ. ಸುಲಭದ್ದು 2020ರಲ್ಲೇ ಮುಗಿಯಿತು. ಕಷ್ಟದ್ದು ಯಾವಾಗ? ಅದು ಆಗುವ ತನಕ ಘಾಟಿ ಇಳಿಯುವ ಪ್ರತಿ ಕಾರಿನ ಡಿಕ್ಕಿಯಲ್ಲೂ ಗಾಳಿ ತುಂಬಿದ ಐದನೇ ಚಕ್ರ ಇರಲಿ. ಹಿಂದಿನ ಬಸ್ಸಿನವರೂ ಹೊತ್ತಿಗೆ ಸರಿಯಾಗಿ ಊರು ಸೇರಲಿ.