ರಾತ್ರಿ ಉಳಿದ ಅನ್ನ: ಬೆಳಗ್ಗೆ ಬಿಸಿ ಮಾಡಿದರೆ ಎಲ್ಲವೂ ಸರಿಹೋಗುತ್ತದೆಯೇ?

ಸೋಮವಾರ ರಾತ್ರಿ ಮುದ್ದೆ, ಬಸ್ಸಾರು. ಮಂಗಳವಾರ ಅನ್ನ, ತಿಳಿಸಾರು, ಹುರುಳಿಕಾಯಿ ಪಲ್ಯ. ಬುಧವಾರ ಚಪಾತಿ ಮಾಡೋಣ ಎಂದುಕೊಂಡಿದ್ದರೂ ಕೆಲಸದಿಂದ ಬರುವುದು ತಡವಾಗಿ ಕುಕ್ಕರಿನಲ್ಲಿ ಅಕ್ಕಿ, ಬೇಳೆ ಇಟ್ಟದ್ದಾಯಿತು. ಊರಿಗೆ ತಕ್ಕಂತೆ ಮುದ್ದೆಯ ಜಾಗದಲ್ಲಿ ಜೋಳದ ರೊಟ್ಟಿಯೋ ಕುಚ್ಚಲಕ್ಕಿ ಗಂಜಿಯೋ ಬರಬಹುದು. ಆದರೆ ಊಟ ಮುಗಿದ ಮೇಲೆ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ ಪ್ರಶ್ನೆ ಏಳುತ್ತದೆ: ಉಳಿದದ್ದನ್ನು ಏನು ಮಾಡುವುದು?

ಅನ್ನವಾದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ. ತಟ್ಟೆ ಮುಚ್ಚಿಟ್ಟರೆ ಬೆಳಗ್ಗೆ ಚಿತ್ರಾನ್ನ. ಇದರಲ್ಲಿ ತಪ್ಪೇನೂ ಇಲ್ಲ. ಅನ್ನ ಚೆಲ್ಲಬಾರದು ಎಂಬ ಸಂಸ್ಕಾರವೂ ಒಳ್ಳೆಯದೇ. ಆದರೆ ಆ ಪಾತ್ರೆ ರಾತ್ರಿಯಿಡೀ ಎಲ್ಲಿ, ಹೇಗೆ ಇತ್ತು ಎಂಬುದರ ಮೇಲೆ ಬೆಳಗಿನ ತಿಂಡಿ ಸುರಕ್ಷಿತವೋ ಅಲ್ಲವೋ ಎಂಬುದು ನಿಂತಿದೆ. ಈ ವಿಚಾರದಲ್ಲಿ ನಮ್ಮಲ್ಲಿರುವ ಕೆಲವು ನಂಬಿಕೆಗಳು ಸರಿ, ಕೆಲವು ಅರ್ಧ ಸರಿ, ಇನ್ನು ಕೆಲವು ಅಪಾಯಕಾರಿ. ಒಂದೊಂದಾಗಿ ನೋಡೋಣ.

ಬೆಂದ ಅನ್ನದಲ್ಲಿ ಸೂಕ್ಷ್ಮಜೀವಿ ಎಲ್ಲಿಂದ ಬರುತ್ತದೆ?

ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಸಹಜವಾಗಿ ಇರುತ್ತದೆ. ಭತ್ತ ಬೆಳೆಯುವುದು ಮಣ್ಣಿನಲ್ಲಿ, ಆದ್ದರಿಂದ ಅಕ್ಕಿಯ ಜೊತೆಗೆ ಅದು ಅಡುಗೆಮನೆಗೂ ಬರುತ್ತದೆ. ಬೇಳೆ, ಮಸಾಲೆ ಪದಾರ್ಥಗಳಲ್ಲೂ ಇರಬಹುದು. ಅಕ್ಕಿಯನ್ನು ಎಷ್ಟು ಸಲ ತೊಳೆದರೂ ಪೂರ್ತಿ ಹೋಗುವುದಿಲ್ಲ.

ಕುದಿಸಿದರೆ ಸಾಯುವುದಿಲ್ಲವೇ? ಬೆಳೆಯುತ್ತಿರುವ ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ಈ ಜಾತಿಗೆ ಇನ್ನೊಂದು ರೂಪವಿದೆ. ಪರಿಸ್ಥಿತಿ ಪ್ರತಿಕೂಲವಾದಾಗ ಅದು ಗಟ್ಟಿ ಕವಚದ ಬೀಜಾಣುವಾಗಿ ಮಾರ್ಪಟ್ಟು ನಿದ್ರಿಸುತ್ತದೆ. ಕುದಿಯುವ ನೀರನ್ನು ತಾಳಿಕೊಂಡು ಕೆಲವಾದರೂ ಬೀಜಾಣುಗಳು ಉಳಿಯುತ್ತವೆ. ಕುಕ್ಕರಿನಲ್ಲಿ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೇರುವುದರಿಂದ ಹೆಚ್ಚು ಬೀಜಾಣುಗಳು ಸಾಯುತ್ತವೆ. ಆದರೂ ಎಲ್ಲವೂ ಸತ್ತವೆಂಬ ಖಾತರಿ ಇಲ್ಲ.

ಬಿಸಿಬಿಸಿ ಅನ್ನ ಉಣ್ಣುವವರಿಗೆ ಇದರಿಂದ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಅನ್ನ ನಿಧಾನವಾಗಿ ಆರುವಾಗ. ಬೆಚ್ಚಗೆ, ತೇವವಾಗಿ, ಪಿಷ್ಟದಿಂದ ತುಂಬಿರುವ ಅನ್ನದಲ್ಲಿ ಬೀಜಾಣುಗಳು ಎಚ್ಚೆತ್ತು ಬೆಳೆಯತೊಡಗುತ್ತವೆ. ಸಾಮಾನ್ಯವಾಗಿ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯನ್ನು ಆಹಾರದ ಮಟ್ಟಿಗೆ ಅಪಾಯದ ವಲಯ ಎನ್ನುತ್ತಾರೆ. ಏಪ್ರಿಲ್ ತಿಂಗಳ ರಾತ್ರಿಯಲ್ಲಿ ನಮ್ಮ ಅಡುಗೆಮನೆಯ ಕಟ್ಟೆ ಈ ವಲಯದ ಮಧ್ಯದಲ್ಲೇ ಇರುತ್ತದೆ.

ನಂಬಿಕೆ 1: ಚೆನ್ನಾಗಿ ಬಿಸಿ ಮಾಡಿದರೆ ಯಾವ ದೋಷವೂ ಉಳಿಯುವುದಿಲ್ಲ

ಇದು ಎಲ್ಲಕ್ಕಿಂತ ವ್ಯಾಪಕವಾದ ತಪ್ಪು ಕಲ್ಪನೆ. ಈ ಬ್ಯಾಕ್ಟೀರಿಯಾ ಎರಡು ರೀತಿಯಲ್ಲಿ ಕಾಯಿಲೆ ತರುತ್ತದೆ. ಒಂದರಲ್ಲಿ ಜೀವಂತ ಬ್ಯಾಕ್ಟೀರಿಯಾ ಕರುಳು ಸೇರಿ ಅಲ್ಲಿ ವಿಷ ತಯಾರಿಸುತ್ತದೆ. ಊಟವಾದ 6ರಿಂದ 15 ಗಂಟೆಗಳ ನಂತರ ಹೊಟ್ಟೆನೋವು, ಭೇದಿ ಶುರುವಾಗುತ್ತದೆ. ಚೆನ್ನಾಗಿ ಬಿಸಿ ಮಾಡಿದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು.

ಇನ್ನೊಂದರಲ್ಲಿ ಬ್ಯಾಕ್ಟೀರಿಯಾ ಪಾತ್ರೆಯಲ್ಲಿದ್ದಾಗಲೇ ಸೀರ್ಯುಲೈಡ್ ಎಂಬ ವಿಷವನ್ನು ಅನ್ನದೊಳಗೆ ಬಿಟ್ಟಿರುತ್ತದೆ. ಊಟವಾದ ಅರ್ಧ ಗಂಟೆಯಿಂದ 6 ಗಂಟೆಯೊಳಗೆ ವಾಂತಿ ಬರುತ್ತದೆ. ಈ ವಿಷ ಶಾಖಕ್ಕೆ ಜಗ್ಗುವುದಿಲ್ಲ. 121 ಡಿಗ್ರಿಯಲ್ಲಿ ಒಂದು ಗಂಟೆಗೂ ಹೆಚ್ಚು ಕಾಯಿಸಿದರೂ ಅದು ಉಳಿಯುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಬೆಳಗ್ಗೆ ಬಾಣಲೆಯಲ್ಲಿ ಒಗ್ಗರಣೆ ಹಾಕಿ ಐದು ನಿಮಿಷ ಕಲಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಅದು ಬಿಟ್ಟುಹೋದ ವಿಷ ಹಾಗೇ ಇರುತ್ತದೆ.

ವಾಂತಿ ತರಿಸುವ ಈ ಬಗೆ ಗಮನಕ್ಕೆ ಬಂದದ್ದು 1970ರ ದಶಕದ ಆರಂಭದಲ್ಲಿ, ಬ್ರಿಟನ್ನಿನಲ್ಲಿ. ಅಲ್ಲಿನ ಚೀನೀ ಹೋಟೆಲುಗಳ ಫ್ರೈಡ್ ರೈಸ್ ತಿಂದವರಿಗೆ ಮತ್ತೆ ಮತ್ತೆ ವಾಂತಿಯಾಗುತ್ತಿತ್ತು. ಹುಡುಕಿದಾಗ, ಅನ್ನವನ್ನು ದೊಡ್ಡ ಪ್ರಮಾಣದಲ್ಲಿ ಬೇಯಿಸಿ ಹೊರಗೇ ಇಟ್ಟು, ಬೇಕಾದಾಗ ಹುರಿದು ಕೊಡುತ್ತಿದ್ದದ್ದು ತಿಳಿಯಿತು. ಫ್ರಿಜ್ಜಿನಲ್ಲಿಟ್ಟರೆ ಅನ್ನ ಗಂಟುಕಟ್ಟಿ ಹುರಿಯಲು ಕಷ್ಟ ಎಂಬುದು ಅದಕ್ಕೆ ಒಂದು ಕಾರಣ. ಚಿತ್ರಾನ್ನಕ್ಕೆಂದು ಅನ್ನವನ್ನು ಹೊರಗಿಡುವ ನಮ್ಮ ಲೆಕ್ಕಾಚಾರವೂ ಇದೇ ಅಲ್ಲವೇ?

ನಂಬಿಕೆ 2: ಹಳಸಿದ್ದರೆ ವಾಸನೆಯಲ್ಲೇ ಗೊತ್ತಾಗುತ್ತದೆ

ಹಳಸಿದ ವಾಸನೆ ಬಂದರೆ ಎಸೆಯಬೇಕು ಎಂಬುದು ನಿಜ. ಆದರೆ ವಾಸನೆ ಬಂದಿಲ್ಲ, ಆದ್ದರಿಂದ ಚೆನ್ನಾಗಿದೆ ಎಂಬುದು ನಿಜವಲ್ಲ. ಹುಳಿವಾಸನೆ, ಲೋಳೆ, ಬೂಷ್ಟು ಇವೆಲ್ಲ ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳ ಕೆಲಸ. ಕಾಯಿಲೆ ತರುವ ಸೂಕ್ಷ್ಮಜೀವಿಗಳು ಬೇರೆ, ಅವು ಸಾಕಷ್ಟು ಬೆಳೆದರೂ ಬಣ್ಣ, ರುಚಿ, ವಾಸನೆ ಬದಲಾಗದೆ ಇರಬಹುದು. ಸೀರ್ಯುಲೈಡ್ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಮೂಗಿಗಿಂತ ಗಡಿಯಾರವನ್ನು ನಂಬುವುದು ಲೇಸು.

ನಂಬಿಕೆ 3: ಬಿಸಿ ಅಡುಗೆಯನ್ನು ಫ್ರಿಜ್ಜಿನಲ್ಲಿಟ್ಟರೆ ಕೆಡುತ್ತದೆ

ಪೂರ್ತಿ ತಣ್ಣಗಾಗಲಿ ಎಂದು ಕಾಯುತ್ತಾ ಮಲಗಿಬಿಡುವುದು ಅನೇಕ ಮನೆಗಳ ಅನುಭವ. ಕುದಿಯುತ್ತಿರುವ ದೊಡ್ಡ ಪಾತ್ರೆಯನ್ನು ಒಳಗಿಟ್ಟರೆ ಅಕ್ಕಪಕ್ಕದ ಹಾಲು, ಮೊಸರು ಬೆಚ್ಚಗಾಗುತ್ತವೆ, ಫ್ರಿಜ್ಜಿಗೂ ಕೆಲಸ ಹೆಚ್ಚು. ಅಷ್ಟರ ಮಟ್ಟಿಗೆ ಈ ಮಾತು ಸರಿ. ಆದರೆ ಬೆಚ್ಚಗಿನ ಅಡುಗೆ ಒಳಗಿಟ್ಟದ್ದರಿಂದಲೇ ಕೆಡುವುದಿಲ್ಲ. ಹೊರಗೆ ಬಹಳ ಹೊತ್ತು ಬಿಟ್ಟದ್ದರಿಂದ ಕೆಡುತ್ತದೆ.

ಮಾಡಬೇಕಾದದ್ದು ಬೇಗ ಆರಿಸುವುದು. ಪಾತ್ರೆಯಲ್ಲಿ ಒತ್ತಾಗಿರುವ ಅನ್ನದ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅದನ್ನೇ ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿದರೆ ಸ್ವಲ್ಪ ಹೊತ್ತಿಗೆ ಆರುತ್ತದೆ. ಮದುವೆ ಮನೆಗಳಲ್ಲಿ ಪುಳಿಯೋಗರೆಗೆ ಅನ್ನ ಹರಡುವುದು ಅಗುಳು ಬಿಡಿಬಿಡಿಯಾಗಲೆಂದು. ಅದೇ ಉಪಾಯ ಇಲ್ಲೂ ಕೆಲಸಕ್ಕೆ ಬರುತ್ತದೆ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅನ್ನದ ವಿಷಯದಲ್ಲಿ ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ ಇನ್ನೂ ಬಿಗಿ: ಸಾಧ್ಯವಾದರೆ ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿನಲ್ಲಿಡಿ, ಒಂದು ದಿನದೊಳಗೆ ಮುಗಿಸಿ ಎನ್ನುತ್ತದೆ.

ಅಂದಹಾಗೆ, ಫ್ರಿಜ್ಜಿನ ಅನ್ನ ಗಟ್ಟಿಯಾಗುವುದು ಕೆಟ್ಟದ್ದರ ಲಕ್ಷಣವಲ್ಲ. ಬೆಂದಾಗ ಸಡಿಲವಾದ ಪಿಷ್ಟದ ಎಳೆಗಳು ತಣ್ಣಗಾದಾಗ ಮತ್ತೆ ಒತ್ತಾಗಿ ಜೋಡಿಕೊಳ್ಳುತ್ತವೆ. ಇದರಲ್ಲಿ ಸ್ವಲ್ಪ ಭಾಗ ಸುಲಭವಾಗಿ ಜೀರ್ಣವಾಗದ ಪಿಷ್ಟವಾಗುತ್ತದೆ. ಹಾಗೆಂದು ತಣ್ಣನೆಯ ಅನ್ನ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬ ವಾಟ್ಸಾಪ್ ಸಂದೇಶವನ್ನು ಮಧುಮೇಹಿಗಳು ನಂಬಬಾರದು. ವ್ಯತ್ಯಾಸ ಚಿಕ್ಕದು, ತಿನ್ನುವ ಪ್ರಮಾಣವೇ ಮುಖ್ಯ.

ನಂಬಿಕೆ 4: ನಿಂಬೆಹಣ್ಣು ಹಿಂಡಿದರೆ ಅಪಾಯವಿಲ್ಲ

ಹುಳಿ ಇರುವಲ್ಲಿ ಈ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವುದಿಲ್ಲ. ಹುಣಸೆಹುಳಿ, ಎಣ್ಣೆ, ಉಪ್ಪು ಧಾರಾಳವಾಗಿ ಬಿದ್ದ ಪುಳಿಯೋಗರೆಯನ್ನು ಪ್ರಯಾಣಕ್ಕೆ ಕಟ್ಟಿಕೊಳ್ಳುವ ಹಿಂದೆ ಇಂಥ ಅನುಭವವಿದೆ. ಆದರೆ ಹುಳಿ ಕೆಲಸ ಮಾಡುವುದು ಮೊದಲೇ ಬೆರೆತಿದ್ದರೆ ಮಾತ್ರ. ರಾತ್ರಿಯಿಡೀ ಹೊರಗಿದ್ದ ಸಪ್ಪೆ ಅನ್ನಕ್ಕೆ ಬೆಳಗ್ಗೆ ನಿಂಬೆರಸ ಹಿಂಡಿದರೆ ಅಷ್ಟರಲ್ಲಿ ಆಗಿರುವ ವಿಷ ಇಲ್ಲವಾಗುವುದಿಲ್ಲ.

ಹಾಗಾದರೆ ಅಜ್ಜಿ ಮಾಡುತ್ತಿದ್ದ ತಂಗಳನ್ನ?

ಈ ಪ್ರಶ್ನೆ ಬಂದೇ ಬರುತ್ತದೆ. ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು ಬೆಳಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿ ಜೊತೆ ಉಣ್ಣುವುದು ನಮ್ಮಲ್ಲಿ ಹಳೆಯ ರೂಢಿ. ಒಡಿಶಾದ ಪಖಾಳ, ಬಂಗಾಳ ಮತ್ತು ಅಸ್ಸಾಮಿನ ಪಾಂತಾ, ಪೊಯಿತಾ, ಕೇರಳದ ಪಳಂಗಂಜಿ ಎಲ್ಲವೂ ಇದರ ಬಂಧುಗಳೇ. ನೀರಿನಲ್ಲಿ ಮುಳುಗಿದ ಅನ್ನದಲ್ಲಿ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ಬೆಳೆದು ನೀರನ್ನು ಹುಳಿಯಾಗಿಸುತ್ತವೆ. ಹುಳಿ ಹೆಚ್ಚಿದಂತೆ ಕೆಡುಕಿನ ಬ್ಯಾಕ್ಟೀರಿಯಾಗಳಿಗೆ ಜಾಗ ಕಡಿಮೆ. ಹಾಗಾಗಿ ತಂಗಳನ್ನ ಮತ್ತು ಸುಮ್ಮನೆ ಮುಚ್ಚಿಟ್ಟ ಒಣ ಅನ್ನ ಒಂದೇ ಅಲ್ಲ. ಸ್ವಲ್ಪ ಮಜ್ಜಿಗೆಯನ್ನು ರಾತ್ರಿಯೇ ಬೆರೆಸಿದರೆ ಹುಳಿ ಬೇಗ ಬರುತ್ತದೆ. ಆದರೂ ಇದು ಪೂರ್ಣ ಖಾತರಿಯಲ್ಲ. ಅನ್ನ ಆರಿದ ಕೂಡಲೇ ನೀರು ಹಾಕಬೇಕು, ನೀರು ಮತ್ತು ಪಾತ್ರೆ ಶುದ್ಧವಾಗಿರಬೇಕು, ಬೆಳಗ್ಗೆಯೇ ಮುಗಿಸಬೇಕು.

ತಂಗಳನ್ನದಲ್ಲಿ ಕಬ್ಬಿಣದ ಅಂಶ ಇಪ್ಪತ್ತು ಪಟ್ಟು ಹೆಚ್ಚಾಗುತ್ತದೆ ಎಂಬ ಮಾತೂ ಹರಿದಾಡುತ್ತದೆ. ಕಬ್ಬಿಣ ಒಂದು ಮೂಲಧಾತು. ಯಾವ ಬ್ಯಾಕ್ಟೀರಿಯಾವೂ ಅದನ್ನು ಹುಟ್ಟಿಸಲಾರದು. ಹುದುಗುವಿಕೆಯಿಂದ ಫೈಟೇಟ್ ಎಂಬ ಅಂಶ ಕಡಿಮೆಯಾಗಿ, ಇರುವ ಕಬ್ಬಿಣವನ್ನು ದೇಹ ಸ್ವಲ್ಪ ಸುಲಭವಾಗಿ ಹೀರಿಕೊಳ್ಳಬಹುದು. ರಕ್ತಹೀನತೆ ಇರುವವರು ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ತಂಗಳನ್ನವನ್ನು ನೆಚ್ಚಿಕೊಳ್ಳಬಾರದು.

ಸಾರು, ಹುಳಿ, ಸೊಪ್ಪಿನ ಕಥೆ

ದೊಡ್ಡ ಪಾತ್ರೆಯ ಹುಳಿ, ಮಾಂಸದ ಸಾರುಗಳಲ್ಲಿ ಇನ್ನೊಂದು ಬ್ಯಾಕ್ಟೀರಿಯಾದ ಭಯ: ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಇದೂ ಬೀಜಾಣುವಾಗಿ ಕುದಿತವನ್ನು ದಾಟುತ್ತದೆ. 45 ಡಿಗ್ರಿಯ ಆಸುಪಾಸಿನಲ್ಲಿ ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ನಿಧಾನವಾಗಿ ಆರುವ ಮಾಂಸದ ಸಾರು ಅದಕ್ಕೆ ಹೇಳಿಮಾಡಿಸಿದ ಜಾಗ. ಆದರೆ ಇದು ಮುಖ್ಯವಾಗಿ ವಿಷ ಬಿಡುವುದು ನಮ್ಮ ಕರುಳಿನಲ್ಲಿ. ಆದ್ದರಿಂದ ತಿನ್ನುವ ಮೊದಲು ಸಾರನ್ನು ಕುದಿಬರುವಂತೆ ಕಾಯಿಸಿದರೆ ಅಪಾಯ ಬಹಳ ತಗ್ಗುತ್ತದೆ. ಬೆಳಗ್ಗೆ ಸಂಜೆ ಸಾರು ಕುದಿಸಿಡುವ ಹಿರಿಯರ ರೂಢಿಗೆ ಅರ್ಥವಿದೆ. ಉಗುರುಬೆಚ್ಚಗೆ ಮಾಡಿ ಬಡಿಸುವುದಕ್ಕೆ ಅರ್ಥವಿಲ್ಲ.

ಸೊಪ್ಪಿನ ಪಲ್ಯವನ್ನು ಮತ್ತೆ ಬಿಸಿ ಮಾಡಿದರೆ ವಿಷವಾಗುತ್ತದೆ ಎನ್ನುವವರಿದ್ದಾರೆ. ಸೊಪ್ಪಿನಲ್ಲಿ ನೈಟ್ರೇಟ್ ಇರುತ್ತದೆ. ಹೊರಗಿಟ್ಟಾಗ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಸಬಹುದು. ಇಲ್ಲಿಯೂ ತಪ್ಪು ಬಿಸಿ ಮಾಡಿದ್ದರದ್ದಲ್ಲ, ಹೊರಗಿಟ್ಟದ್ದರದ್ದು. ಬೇಗ ಫ್ರಿಜ್ಜಿನಲ್ಲಿಟ್ಟ ಸೊಪ್ಪು ದೊಡ್ಡವರಿಗೆ ತೊಂದರೆ ಕೊಡುವಂಥದ್ದಲ್ಲ. ಎಳೆಯ ಕೂಸುಗಳಿಗೆ ಮಾತ್ರ ಉಳಿದ ಸೊಪ್ಪು ಬೇಡ.

ಎಷ್ಟು ಹೆದರಬೇಕು?

2008ರಲ್ಲಿ ಬೆಲ್ಜಿಯಂನ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಹೊರಗೇ ಇದ್ದ ಸ್ಪಗೆಟ್ಟಿಯನ್ನು ಬಿಸಿ ಮಾಡಿ ತಿಂದು ಅದೇ ರಾತ್ರಿ ತೀರಿಕೊಂಡ. ಈ ಪ್ರಕರಣ 2011ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇತ್ತೀಚೆಗೆ ‘ಫ್ರೈಡ್ ರೈಸ್ ಸಿಂಡ್ರೋಮ್’ ಎಂಬ ಹೆಸರಿನಲ್ಲಿ ಮತ್ತೆ ಸಾಮಾಜಿಕ ಜಾಲತಾಣಗಳಲ್ಲಿ ಸುತ್ತಾಡಿ ಅನೇಕರನ್ನು ಹೆದರಿಸಿತು. ಇಂಥ ಸಾವು ತೀರಾ ಅಪರೂಪ. ಹೆಚ್ಚಿನವರಿಗೆ ವಾಂತಿ ಭೇದಿ ಒಂದು ದಿನದಲ್ಲಿ ನಿಲ್ಲುತ್ತದೆ. ‘ನಾವು ಎಷ್ಟೋ ವರ್ಷದಿಂದ ತಿನ್ನುತ್ತಿದ್ದೇವೆ, ಏನೂ ಆಗಿಲ್ಲ’ ಎಂಬ ಮಾತು ಹುಟ್ಟುವುದೂ ಇದರಿಂದಲೇ. ಎಲ್ಲ ಪಾತ್ರೆಯಲ್ಲೂ ವಿಷ ತಯಾರಿಸುವ ತಳಿ ಇರುವುದಿಲ್ಲ. ಆದಾಗಲೂ ನಾವು ಅದನ್ನು ‘ಏನೋ ಅಜೀರ್ಣ’ ಎಂದು ಮರೆತುಬಿಡುತ್ತೇವೆ.

ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು, ಬೇರೆ ಕಾಯಿಲೆಯಿಂದ ಬಳಲುತ್ತಿರುವವರು ಮಾತ್ರ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ವಾಂತಿ ಭೇದಿಯಾದಾಗ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ. ನೀರೂ ನಿಲ್ಲದಿದ್ದರೆ, ಮೂತ್ರ ತೀರಾ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಮಂಪರು ಅಥವಾ ಕಾಮಾಲೆ ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಅನೇಕ ಮನೆಗಳಲ್ಲಿ ಉಳಿದದ್ದು ಎಲ್ಲರ ತಟ್ಟೆಗೂ ಸಮನಾಗಿ ಬೀಳುವುದಿಲ್ಲ. ಮಕ್ಕಳಿಗೆ, ಗಂಡನಿಗೆ ಬಿಸಿ ದೋಸೆ. ಅಡುಗೆ ಮಾಡಿದವಳಿಗೆ ನಿನ್ನೆಯ ಅನ್ನ. ಅವಳು ಗರ್ಭಿಣಿಯೋ ಬಾಣಂತಿಯೋ ಆಗಿದ್ದರೂ ಈ ರೂಢಿ ಬದಲಾಗುವುದಿಲ್ಲ. ‘ಚೆಲ್ಲಬಾರದು’ ಎಂಬ ಒಳ್ಳೆಯ ನಿಯಮದ ಅಪಾಯವನ್ನೆಲ್ಲ ಒಬ್ಬರೇ ಉಣ್ಣುವುದು ನ್ಯಾಯವಲ್ಲ.

ಈ ವಾರದ ಅಡುಗೆಗೆ

ಊಟಕ್ಕೆ ಕೂರುವ ಮೊದಲೇ, ಉಳಿಯಬಹುದೆನಿಸಿದ ಅನ್ನವನ್ನು ತಟ್ಟೆಗೆ ಹರಡಿಬಿಡಿ. ಊಟ ಮುಗಿದು ಪಾತ್ರೆ ತೊಳೆಯುವಷ್ಟರಲ್ಲಿ ಅದು ಆರಿರುತ್ತದೆ. ಚಿಕ್ಕ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಗಂಟು ಬಿಡಿಸಿ, ಒಂದೇ ಸಲ, ಹಬೆಯಾಡುವಷ್ಟು ಬಿಸಿ ಮಾಡಿ. ಎರಡನೇ ಸಲ ಉಳಿದರೆ ಮತ್ತೆ ಒಳಗಿಡಬೇಡಿ. ರಾತ್ರಿ ಗಂಟೆಗಟ್ಟಲೆ ಕರೆಂಟು ಹೋಗಿದ್ದರೆ ಫ್ರಿಜ್ಜಿನಲ್ಲಿತ್ತು ಎಂಬ ಧೈರ್ಯ ಬೇಡ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಫ್ರಿಜ್ ಇಲ್ಲ. ಅಂಥಲ್ಲಿ ಅಳತೆ ನೋಡಿ ಅಕ್ಕಿ ಹಾಕುವುದೇ ಮೊದಲ ಉಪಾಯ. ಉಳಿದರೆ, ಆರಿದ ಕೂಡಲೇ ಶುದ್ಧ ನೀರು, ಮಜ್ಜಿಗೆ ಬೆರೆಸಿಡುವುದು ಒಣದಾಗಿ ಮುಚ್ಚಿಡುವುದಕ್ಕಿಂತ ಮೇಲು. ರಾತ್ರಿಯಿಡೀ ಕಟ್ಟೆಯ ಮೇಲೆ ಮರೆತುಹೋದ ಅನ್ನವನ್ನು ಮಾತ್ರ, ಮನಸ್ಸಿಗೆ ಕಷ್ಟವಾದರೂ, ಗೊಬ್ಬರದ ಗುಂಡಿಗೆ ಹಾಕಿಬಿಡಿ. ಮುಂದಿನ ರಾತ್ರಿ ಅರ್ಧ ಪಾವು ಅಕ್ಕಿ ಕಡಿಮೆ ಅಳೆದರಾಯಿತು.