ಗ್ಲಾಸು ಎಣಿಸಿದರೆ ಲೆಕ್ಕ ಸಿಗದು

ಕಾಕ್‌ಟೇಲ್‌ನಲ್ಲಿ ಎಷ್ಟು ಮದ್ಯ ಇದೆ ಎಂಬುದು ಕುಡಿಯುವವರಿಗೂ ಗೊತ್ತಿಲ್ಲ, ಮೆನುವೂ ಹೇಳುವುದಿಲ್ಲ

‘ಎರಡೇ ಕಾಕ್‌ಟೇಲ್‌ ಕುಡಿದಿದ್ದು, ಏನೂ ಆಗಲ್ಲ ಬಿಡು’. ವಾರಾಂತ್ಯದ ರಾತ್ರಿ ಬೆಂಗಳೂರಿನ ಚರ್ಚ್‌ ಸ್ಟ್ರೀಟ್‌, ಇಂದಿರಾನಗರ, ಕೋರಮಂಗಲದ ಪಬ್‌ಗಳ ಮುಂದೆ ಕಾರಿನ ಕೀ ಹುಡುಕುತ್ತಾ ನಿಂತವರು ಆಡುವ ಮಾತು ಇದು. ಈ ಲೆಕ್ಕ ಮಾಡಿಕೊಡಲು ಈಗ ಮೊಬೈಲ್‌ ಆ್ಯಪ್‌ಗಳೂ ಇವೆ. ತೂಕ, ಲಿಂಗ, ಕುಡಿದ ಗ್ಲಾಸುಗಳ ಸಂಖ್ಯೆ, ಕಳೆದ ಗಂಟೆಗಳನ್ನು ತುಂಬಿದರೆ ರಕ್ತದಲ್ಲಿ ಎಷ್ಟು ಮದ್ಯಸಾರ ಇದೆ ಎಂದು ಹೇಳುತ್ತವೆ. ಆ ಸಂಖ್ಯೆಯನ್ನು ನಂಬಿ ಗಾಡಿ ಓಡಿಸಬಹುದೇ? ಲೆಕ್ಕವನ್ನು ನಾವೇ ಮಾಡಿ ನೋಡಿದರೆ ಉತ್ತರ ಸಿಗುತ್ತದೆ.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್‌ 185ರ ಪ್ರಕಾರ, ಚಾಲಕರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ. 2019ರ ತಿದ್ದುಪಡಿಯ ನಂತರ, ಮೊದಲ ಸಲ ಸಿಕ್ಕಿಬಿದ್ದರೆ ₹10,000 ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಇಂಗ್ಲೆಂಡ್‌ನಲ್ಲಿ ಮತ್ತು ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಈ ಮಿತಿ 80 ಮಿ.ಗ್ರಾಂ. ಅಲ್ಲಿಯವರಿಗಾಗಿ ರೂಪಿಸಿದ ಆ್ಯಪ್‌, ಅಲ್ಲಿರುವ ಬಂಧುಗಳ ಅನುಭವ ಯಾವುದೂ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ.

ಸ್ವೀಡನ್ನಿನ ವಿಜ್ಞಾನಿ ಎರಿಕ್‌ ವಿಡ್ಮಾರ್ಕ್‌ ರೂಪಿಸಿ 1932ರಲ್ಲಿ ಪುಸ್ತಕವಾಗಿ ವಿವರಿಸಿದ ಸೂತ್ರವೇ ಈ ಆ್ಯಪ್‌ಗಳಿಗೆಲ್ಲ ಮೂಲ. ಒಳಗೆ ಹೋದ ಮದ್ಯಸಾರದ ತೂಕವನ್ನು ದೇಹದ ತೂಕ ಮತ್ತು ದೇಹದ ನೀರಿನಂಶವನ್ನು ಸೂಚಿಸುವ ಒಂದು ಗುಣಕದಿಂದ ಭಾಗಿಸಬೇಕು. ಈ ಗುಣಕ ಪುರುಷರಿಗೆ ಸರಾಸರಿ 0.68, ಮಹಿಳೆಯರಿಗೆ 0.55. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ರಮ್‌ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಶೇ 42.8 ಮದ್ಯಸಾರ. ಅಂದರೆ 60 ಮಿ.ಲೀ.ನ ಒಂದು ಲಾರ್ಜ್‌ ಪೆಗ್‌ನಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. 70 ಕೆ.ಜಿ. ತೂಕದ ಪುರುಷನ ರಕ್ತದಲ್ಲಿ ಅದು ಸುಮಾರು 43 ಮಿ.ಗ್ರಾಂ ಆಗುತ್ತದೆ. 55 ಕೆ.ಜಿ.ಯ ಮಹಿಳೆ 30 ಮಿ.ಲೀ.ನ ಸ್ಮಾಲ್‌ ಕುಡಿದರೂ 33 ಮಿ.ಗ್ರಾಂ ಆಸುಪಾಸಿಗೆ ಬರುತ್ತಾಳೆ. ಒಂದೇ ಪೆಗ್‌ಗೆ ಕಾನೂನಿನ ಮಿತಿ ಮುಗಿದುಹೋಯಿತು.

ಪೆಗ್‌ ಅಳೆದು ಕುಡಿಯುವವರ ಕಥೆಯೇ ಹೀಗಾದರೆ, ಕಾಕ್‌ಟೇಲ್‌ನದು ಇನ್ನೂ ಗೋಜಲು. ಲಾಂಗ್‌ ಐಲ್ಯಾಂಡ್‌ ಐಸ್ಡ್‌ ಟೀಯನ್ನೇ ನೋಡಿ. ನಮ್ಮ ಪಬ್‌ಗಳಲ್ಲಿ ಹುಡುಗರು ‘ಎಲ್‌ಐಐಟಿ’ ಎಂದು ಆರ್ಡರ್‌ ಮಾಡುವ ಇದರಲ್ಲಿ ಟೀ ಎಂಬುದು ಹೆಸರಿಗಷ್ಟೇ. ವೋಡ್ಕಾ, ಜಿನ್‌, ರಮ್‌, ಟಕೀಲಾ, ಕಿತ್ತಳೆಯ ಲಿಕ್ಯೂರ್‌, ಮೇಲೆ ನಿಂಬೆರಸ ಮತ್ತು ಕೋಲಾ. ಐದೂ ಮದ್ಯಗಳನ್ನು ತಲಾ 15 ಮಿ.ಲೀ. ಸುರಿದರೆ ಒಂದು ಗ್ಲಾಸಿನಲ್ಲಿ ಸುಮಾರು 25 ಗ್ರಾಂ ಮದ್ಯಸಾರ. ಬಾರ್‌ಟೆಂಡರ್‌ ಧಾರಾಳಿಯಾಗಿ ತಲಾ 30 ಮಿ.ಲೀ. ಸುರಿದರೆ 50 ಗ್ರಾಂ. ಮೊದಲನೆಯದರಿಂದ 70 ಕೆ.ಜಿ.ಯ ಪುರುಷನಿಗೆ 52 ಮಿ.ಗ್ರಾಂ ಏರಿದರೆ ಎರಡನೆಯದರಿಂದ 105. ಗ್ಲಾಸು ಅದೇ, ಬಣ್ಣ ಅದೇ, ಮೆನುವಿನಲ್ಲಿ ಹೆಸರೂ ಅದೇ. ಸಿಹಿ, ಹುಳಿ ಮತ್ತು ಮಂಜುಗಡ್ಡೆ ಸೇರಿ ಮದ್ಯದ ಖಾರವನ್ನು ಮುಚ್ಚುವುದರಿಂದ ನಾಲಿಗೆಗೂ ವ್ಯತ್ಯಾಸ ತಿಳಿಯದು. ಆ್ಯಪ್‌ಗೆ ‘1 ಗ್ಲಾಸು’ ಎಂದು ತುಂಬಿದವರಿಗೆ ಸಿಗುವ ಉತ್ತರ ಎರಡು ಪಟ್ಟು ಹೆಚ್ಚುಕಡಿಮೆ ಆಗಬಹುದು.

ಇಳಿಯುವ ಲೆಕ್ಕವೂ ಇಷ್ಟೇ ಅನಿಶ್ಚಿತ. ಲಿವರ್‌ ಮದ್ಯಸಾರವನ್ನು ಕರಗಿಸಿದಂತೆ 100 ಮಿ.ಲೀ. ರಕ್ತದಲ್ಲಿ ಅದರ ಪ್ರಮಾಣ ಗಂಟೆಗೆ ಸರಾಸರಿ 15 ಮಿ.ಗ್ರಾಂನಂತೆ ಇಳಿಯುತ್ತದೆ. ಕೆಲವರಲ್ಲಿ ಅದು 10, ಕೆಲವರಲ್ಲಿ 20. ಹಾಗಾಗಿ 105ರಿಂದ 30ಕ್ಕೆ ಇಳಿಯಲು ಒಬ್ಬರಿಗೆ ನಾಲ್ಕು ಗಂಟೆ ಸಾಕು, ಇನ್ನೊಬ್ಬರಿಗೆ ಏಳೂವರೆ ಗಂಟೆ ಬೇಕು. ತಾನು ಯಾವ ಗುಂಪಿಗೆ ಸೇರಿದವನು ಎಂಬುದು ಯಾರ ಹಣೆಯ ಮೇಲೂ ಬರೆದಿಲ್ಲ. ಸ್ಟ್ರಾಂಗ್‌ ಕಾಫಿ, ನಿಂಬೆ ಶರಬತ್ತು, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ನಡುರಾತ್ರಿ 200 ಮಿ.ಗ್ರಾಂನೊಂದಿಗೆ ಮಲಗಿದವರ ರಕ್ತದಲ್ಲಿ ಬೆಳಿಗ್ಗೆ ಎಂಟಕ್ಕೂ 80 ಉಳಿದಿರಬಹುದು. ಶಾಲಾ ವಾಹನಗಳ ಚಾಲಕರನ್ನು ಸಂಚಾರ ಪೊಲೀಸರು ಬೆಳಗಿನ ಹೊತ್ತಿನಲ್ಲೂ ತಪಾಸಣೆ ಮಾಡುವುದರಲ್ಲಿ ಅರ್ಥ ಇದೆ.

ಉಸಿರಿನಿಂದ ಮದ್ಯಸಾರ ಅಳೆಯುವ ಸಣ್ಣ ಉಪಕರಣ ಕೊಂಡು ತಾವೇ ಊದಿ ನೋಡಿಕೊಳ್ಳುವವರೂ ಇದ್ದಾರೆ. ಅಗ್ಗದ ಉಪಕರಣಗಳ ನಿಖರತೆ ಒಂದು ಪ್ರಶ್ನೆಯಾದರೆ, ಸಮಯ ಇನ್ನೊಂದು. ಕೊನೆಯ ಗುಟುಕಿನ ನಂತರ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೂ ಮದ್ಯಸಾರ ರಕ್ತಕ್ಕೆ ಏರುತ್ತಲೇ ಇರಬಹುದು. ಹೊಟ್ಟೆ ತುಂಬಿದ್ದರೆ ಏರಿಕೆ ಇನ್ನೂ ನಿಧಾನ. ಪಬ್‌ ಬಾಗಿಲಲ್ಲಿ 20 ತೋರಿಸಿದ್ದು ದಾರಿಯ ಮಧ್ಯದಲ್ಲಿ 40 ಆದರೆ ಅಚ್ಚರಿಪಡಬೇಕಿಲ್ಲ.

ಒಟ್ಟಿನಲ್ಲಿ, ಲೆಕ್ಕದಲ್ಲಿ ಆಗಬಹುದಾದ ತಪ್ಪೇ ಕಾನೂನಿನ ಮಿತಿಗಿಂತ ದೊಡ್ಡದು. ಗಾಡಿ ಓಡಿಸಬೇಡಿ ಎಂದು ಹೇಳಲು ಈ ಲೆಕ್ಕ ಸಾಕು. ಓಡಿಸಬಹುದು ಎಂದು ಹೇಳುವ ಶಕ್ತಿ ಅದಕ್ಕಿಲ್ಲ. 30 ಮಿ.ಗ್ರಾಂ ಎಂಬುದು ಕುಡಿಯಲು ಕೊಟ್ಟ ಕೋಟಾ ಕೂಡ ಅಲ್ಲ. ಗಮನ ಮತ್ತು ಪ್ರತಿಕ್ರಿಯೆಯ ವೇಗ ಅದಕ್ಕಿಂತ ಕಡಿಮೆ ಪ್ರಮಾಣದಲ್ಲೇ ಕುಗ್ಗತೊಡಗುತ್ತವೆ.

ಹಾಗೆಂದು ಹೊಣೆಯನ್ನೆಲ್ಲ ಕುಡಿಯುವವರ ತಲೆಗೆ ಕಟ್ಟಿ ಸುಮ್ಮನಾಗುವಂತಿಲ್ಲ. ಮದ್ಯದ ಬಾಟಲಿಯ ಮೇಲೆ ಮದ್ಯಸಾರದ ಪ್ರಮಾಣವನ್ನೂ ಕುಡಿದು ವಾಹನ ಚಲಾಯಿಸಬೇಡಿ ಎಂಬ ಎಚ್ಚರಿಕೆಯನ್ನೂ ಮುದ್ರಿಸುವುದು ಕಡ್ಡಾಯ. 10 ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲ್‌ ಸರಣಿಗಳು 2022ರ ಜುಲೈನಿಂದ ತಿನಿಸುಗಳ ಕ್ಯಾಲೊರಿಯನ್ನು ಮೆನುವಿನಲ್ಲಿ ತೋರಿಸಬೇಕು. ಬರ್ಗರ್‌ನ ಕ್ಯಾಲೊರಿ ತಿಳಿಯುವ ಹಕ್ಕು ಇರುವ ಗ್ರಾಹಕರಿಗೆ, ಅದೇ ಮೇಜಿನ ಕಾಕ್‌ಟೇಲ್‌ನಲ್ಲಿ ಎಷ್ಟು ಮದ್ಯ ಸುರಿದಿದ್ದಾರೆಂದು ತಿಳಿಯುವ ಹಕ್ಕೂ ಇರಬೇಕು. ಬಾರ್‌ಗಳಿಗೆ ಪರವಾನಗಿ ಕೊಡುವುದು ಅಬಕಾರಿ ಇಲಾಖೆ. ಪ್ರತಿ ಕಾಕ್‌ಟೇಲ್‌ನ ಮುಂದೆ ಬೆಲೆಯ ಜೊತೆ ಮದ್ಯಸಾರದ ಗ್ರಾಂ ಲೆಕ್ಕವನ್ನೂ ಬರೆಯಬೇಕು, ಅಳತೆಯಿಲ್ಲದೆ ಸುರಿಯಬಾರದು ಎಂಬ ಷರತ್ತು ಹಾಕಲು ಇಲಾಖೆಗೆ ಕಷ್ಟವೇನಿಲ್ಲ. ಪಬ್‌ಗಳು ರಾತ್ರಿ ಒಂದರವರೆಗೆ ತೆರೆದಿರುವ ನಗರದಲ್ಲಿ ಮೆಟ್ರೊ ಸಂಚಾರ 11ರ ಆಸುಪಾಸಿಗೇ ಮುಗಿಯುತ್ತಾ ಬರುವುದನ್ನೂ ಸರ್ಕಾರ ಮರುಪರಿಶೀಲಿಸಬೇಕು.

ಇವೆಲ್ಲ ಆಗುವವರೆಗೆ ಕಾಯಬೇಕಾಗಿಲ್ಲದ ಕೆಲಸ ಒಂದಿದೆ. ಕುಡಿದ ಮೇಲೆ ಲೆಕ್ಕ ಹಾಕುವುದು ಅದೇ ಮದ್ಯ ಏರಿದ ಮಿದುಳು. ಆದ್ದರಿಂದ ಮನೆಗೆ ಹೇಗೆ ಮರಳುವುದು ಎಂಬುದನ್ನು ಮೊದಲ ಗುಟುಕಿಗೆ ಮುಂಚೆಯೇ ತೀರ್ಮಾನಿಸಿ. ಕುಡಿಯಲು ಹೊರಟ ದಿನ ಗಾಡಿಯನ್ನು ಮನೆಯಲ್ಲೇ ಬಿಡಿ.